ಆಲೂಗಡ್ಡೆಯ ಋಣ

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ಮೊಸೆಲ್ ನದಿಯ ದಡದಲ್ಲಿ ಟ್ರಿಯರ್ ಎಂಬ ಪುರಾತನ ನಗರವಿದೆ. ಕಾರ್ಲ್ ಮಾರ್ಕ್ಸ್ ಹುಟ್ಟಿದ ಊರು ಎಂದರೆ ಹಲವರಿಗೆ ಗುರುತು ಹತ್ತೀತು. ಅಲ್ಲಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೂ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶಕ್ಕೂ 1960ರಿಂದ ಗೆಳೆತನ. ಧರ್ಮಪ್ರಾಂತ್ಯವೆಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶ. ಅದರೊಳಗೆ ಒಂದೊಂದು ಚರ್ಚಿಗೆ ಸೇರಿದ ಜನರ ಸಮುದಾಯ ಧರ್ಮಕೇಂದ್ರ. ಬೇರೆ ಬೇರೆ ದೇಶಗಳ ಎರಡು ಧರ್ಮಕೇಂದ್ರಗಳು ಹೀಗೆ ಜೋಡಿಯಾಗುವುದು ಎರಡನೆಯ ಮಹಾಯುದ್ಧದ ನಂತರ ಹರಡಿದ ಪದ್ಧತಿ. ಕಾಗದ ಬರೆಯುವುದು, ಪರಸ್ಪರರಿಗಾಗಿ ಪ್ರಾರ್ಥಿಸುವುದು, ಹಣ ಕೂಡಿಸುವುದು, ಅನುಕೂಲವಾದಾಗ ಹೋಗಿ ಬರುವುದು ಎಲ್ಲ ಇದರಲ್ಲುಂಟು. ನಂಟಸ್ತನದ ಮುಜುಗರಗಳೂ ಉಂಟು.

ಈ ನಂಟಿಗೆ ಒಂದು ಕೊಂಡಿ ಕ್ಲೆಮೆನ್ಸ್ ಮೌರರ್. ಟ್ರಿಯರ್ ಧರ್ಮಪ್ರಾಂತ್ಯದ ಪ್ಯೂಟ್ಲಿಂಗೆನ್‌ನಲ್ಲಿ 1900ರಲ್ಲಿ ಹುಟ್ಟಿದ ಅವರು 1951ರಲ್ಲಿ ಬೊಲಿವಿಯಾದ ಸೂಕ್ರೆ ನಗರದ ಆರ್ಚ್‌ಬಿಷಪ್ ಆದರು. (ರಸಪ್ರಶ್ನೆಗೆ ಸಿದ್ಧವಾಗುವವರು ಗಮನಿಸಿ: ಸಂವಿಧಾನದ ಪ್ರಕಾರ ಬೊಲಿವಿಯಾದ ರಾಜಧಾನಿ ಸೂಕ್ರೆ, ಸರ್ಕಾರ ನಡೆಯುವುದು ಮಾತ್ರ ಲಾ ಪಾಜ್‌ನಿಂದ.) 1987ರಲ್ಲಿ ಜರ್ಮನಿಯದೇ ಹಿಲ್ಡೆಸ್‌ಹೈಮ್ ಧರ್ಮಪ್ರಾಂತ್ಯವೂ ಬೊಲಿವಿಯಾದ ಜೊತೆ ಕೈ ಜೋಡಿಸಿತು.

ಟ್ರಿಯರ್‌ನ ತರುಣ ತರುಣಿಯರು ಬೀದಿ ಬೀದಿ ತಿರುಗಿ ಹಳೆಯ ಬಟ್ಟೆ ಸಂಗ್ರಹಿಸುತ್ತ ಬಂದಿದ್ದಾರೆ. ಆ ಬಟ್ಟೆಯನ್ನು ಹಡಗಿಗೆ ತುಂಬಿ ಬೊಲಿವಿಯಾಕ್ಕೆ ಕಳಿಸುವುದಿಲ್ಲ. ಮಾರಿ ಬಂದ ಹಣ ಅಲ್ಲಿನ ಹಳ್ಳಿ ಮಕ್ಕಳ ಓದಿಗೆ ಹೋಗುತ್ತದೆ. ಇದು ಜಾಣತನದ ಕೆಲಸ. ಅಗ್ಗದ ಹಳೆ ಬಟ್ಟೆ ರಾಶಿ ಬಿದ್ದರೆ ಊರ ದರ್ಜಿ, ನೇಕಾರರು ಹೊಲಿದದ್ದನ್ನು, ನೇಯ್ದದ್ದನ್ನು ಕೊಳ್ಳುವವರು ಯಾರು? ಬೊಲಿವಿಯಾ ಸರ್ಕಾರವೇ 2006ರಲ್ಲಿ ಹಳೆ ಬಟ್ಟೆಯ ಆಮದನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು.

ಆದರೆ ಕೊಡುವವರು ಸದಾ ಒಂದು ಕಡೆ, ‘ಉಪಕಾರವಾಯಿತು’ ಎನ್ನುವವರು ಸದಾ ಇನ್ನೊಂದು ಕಡೆ ಇದ್ದರೆ ಅದನ್ನು ಗೆಳೆತನ ಎನ್ನಬಹುದೆ? ನೆರವು ಪಡೆದ ಮಗುವಿನಿಂದ ಕೃತಜ್ಞತೆಯ ಪತ್ರ ಬರೆಸುವ ರೂಢಿ ಜಗತ್ತಿನ ಎಲ್ಲೆಡೆ ಇದೆ. ಹಿರಿಯರು ಹೇಳಿ ಬರೆಸಿದ ನಾಲ್ಕು ಸಾಲು. ಕೆಳಗೆ ಒಂದು ಹೂವಿನ ಚಿತ್ರ. ಮನೆಗೆ ಬಂದ ಅತಿಥಿ ಚಾಕೊಲೇಟ್ ಕೊಟ್ಟೊಡನೆ ಮಗುವಿನ ಬೆನ್ನಿಗೆ ತಿವಿದು ‘ಥ್ಯಾಂಕ್ಸ್ ಹೇಳು’ ಎನ್ನುವ ತಂದೆತಾಯಿಗಳಿಗೆ ಇದು ಹೊಸದಲ್ಲ. ಬಾಯಿಂದ ಮಾತು ಬರುತ್ತದೆ, ಅಷ್ಟೆ.

ನಿಜವಾಗಿ ಲೆಕ್ಕ ಹಾಕಿದರೆ ಸಾಲಗಾರರು ಯಾರು? ಜರ್ಮನರ ಊಟದ ತಟ್ಟೆಯನ್ನೇ ನೋಡೋಣ. ಅದರಲ್ಲಿರುವ ಆಲೂಗಡ್ಡೆ ಆಂಡೀಸ್ ಪರ್ವತದ ರೈತರು ಸಾವಿರಾರು ವರ್ಷ ಹಿಂದೆ ಕಾಡುಗಡ್ಡೆಯಿಂದ ಪಳಗಿಸಿದ ಬೆಳೆ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಅದನ್ನು ಯೂರೋಪಿಗೆ ತಂದರು. ಪ್ರಷ್ಯಾದ ದೊರೆ ಎರಡನೆಯ ಫ್ರೆಡ್ರಿಕ್ 1756ರಲ್ಲಿ ಆಲೂಗಡ್ಡೆ ಬೆಳೆಯಿರೆಂದು ರಾಜಾಜ್ಞೆ ಹೊರಡಿಸಿದ. ಕ್ರಮೇಣ ಅದು ಬಡವರ ಹೊಟ್ಟೆ ತುಂಬಿಸಿತು. ಬೊಲಿವಿಯಾದ ಪೊಟೊಸಿ ಬೆಟ್ಟದಿಂದ 1545ರ ನಂತರ ಹೊರಟ ಬೆಳ್ಳಿಯ ಮಾತು ಬೇರೆಯೇ ಇದೆ. ಅದನ್ನು ಯಾರೂ ಕೇಳಿ ಪಡೆಯಲಿಲ್ಲ. ನಮ್ಮ ಹಾಸನದ ಆಲೂಗಡ್ಡೆಯ ಮೂಲವೂ ಆಂಡೀಸೇ. ಆ ರೈತರಿಗೆ ಕೃತಜ್ಞತೆಯ ಪತ್ರ ಬರೆದವರುಂಟೆ?

ಗಡ್ಡೆಯನ್ನು ಕೆಡದಂತೆ ಇಡುವ ವಿದ್ಯೆಯೂ ಅವರದೇ. ನಾವು ಬೇಸಿಗೆಯಲ್ಲಿ ಸಂಡಿಗೆ ಒಣಗಿಸಿದಂತೆ ಅವರು ಚಳಿಗಾಲದಲ್ಲಿ ‘ಚುನ್ಯೊ’ ಮಾಡುತ್ತಾರೆ. ರಾತ್ರಿಯ ಕೊರೆತಕ್ಕೆ ಗಡ್ಡೆ ಹೆಪ್ಪುಗಟ್ಟಿ, ಜೀವಕೋಶಗಳು ಹಿಮದ ಹರಳುಗಳಿಂದ ಒಡೆಯುತ್ತವೆ. ಹಗಲು ಬಿಸಿಲಿಗೆ ಕರಗಿದಾಗ ಕಾಲಿನಿಂದ ತುಳಿದರೆ ನೀರು ಹೊರಬರುತ್ತದೆ. ಕೆಲವು ದಿನ ಹೀಗೆ ಮಾಡಿ ಒಣಗಿಸಿದರೆ ವರ್ಷಗಟ್ಟಲೆ ಇಡಬಹುದು. ಫ್ರಿಜ್ಜೂ ಬೇಡ, ವಿದ್ಯುತ್ತೂ ಬೇಡ.

ಟ್ರಿಯರ್‌ನವರು ಅಲ್ಲಿಗೆ ಹೋದಾಗ ಪಾತ್ರಗಳು ಅದಲುಬದಲಾಗುತ್ತವೆ. ಲಾ ಪಾಜ್ ಇರುವುದು ಸುಮಾರು 3,600 ಮೀಟರ್ ಎತ್ತರದಲ್ಲಿ. ಅಲ್ಲಿ ವಾಯುವಿನ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟು; ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ನೆರವು ಕೊಡಲು ಬಂದವರು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಅವರನ್ನು ಕೂರಿಸಿ, ಕೋಕಾ ಎಲೆಯ ಬಿಸಿ ಕಷಾಯ ಕೊಟ್ಟು ಉಪಚರಿಸುವವರು ಆ ನೆಲದ ಜನ. ಹೀಗೆ ಉಪಚಾರ ಮಾಡಿಸಿಕೊಳ್ಳಲೂ ಒಂದು ವಿನಯ ಬೇಕು. ಕೊಡುವ ಅಭ್ಯಾಸವಿದ್ದವರಿಗೆ ಅದು ಸುಲಭವಲ್ಲ.

ಬಹುಕಾಲ ಜರ್ಮನಿಯ ಯುವಜನರೇ ಒಂದು ವರ್ಷದ ಸೇವೆಗೆಂದು ಬೊಲಿವಿಯಾಕ್ಕೆ ಹೋಗುತ್ತಿದ್ದರು. ಈಚಿನ ವರ್ಷಗಳಲ್ಲಿ ಬೊಲಿವಿಯಾದ ಯುವಜನರೂ ಅದೇ ರೀತಿ ಜರ್ಮನಿಗೆ ಬಂದು ಶಿಶುವಿಹಾರಗಳಲ್ಲಿ, ಸಮಾಜಸೇವಾ ಸಂಸ್ಥೆಗಳಲ್ಲಿ ದುಡಿಯುತ್ತಾರೆ. ಮೊದಮೊದಲು ಬೊಲಿವಿಯಾದ ಹೆಸರಿನಲ್ಲಿ ಮನೆಮನೆ ತಿರುಗಿದ ಟ್ರಿಯರ್‌ನ ಹುಡುಗ ಹುಡುಗಿಯರಿಗೆ ಈಗ ಎಂಬತ್ತರ ಆಸುಪಾಸು. ಅವರ ಮೊಮ್ಮಕ್ಕಳ ಕೈ ಹಿಡಿದು ರಸ್ತೆ ದಾಟಿಸುವವಳು ಸೂಕ್ರೆಯ ಹುಡುಗಿಯೇ ಇದ್ದರೂ ಇರಬಹುದು.