ಹೊಣೆಯೆಂಬ ಹಳೆಯ ಮಾತು

ನಮ್ಮ ಭಾಷೆಯ ಕೆಲವು ಮಾತುಗಳು ಬಹುಕಾಲ ಕೈಯಿಂದ ಕೈಗೆ ಸಾಗಿ, ಮುದ್ರೆ ಅಳಿಸಿಹೋದ ನಾಣ್ಯಗಳಂತಾಗಿವೆ. 'ಹೊಣೆ' ಎಂಬುದು ಅಂಥ ಮಾತುಗಳಲ್ಲಿ ಒಂದು. ಪತ್ರಿಕೆಯನ್ನು ತೆರೆದರೂ, ಸಭೆಗೆ ಹೋದರೂ, ಅಧ್ಯಾಪಕರ ಕೊಠಡಿಯಲ್ಲಿ ಅರ್ಧ ಗಂಟೆ ಕುಳಿತರೂ ಕಿವಿಗೆ ಬೀಳುವುದು 'ಇದಕ್ಕೆಲ್ಲ ಹೊಣೆ ಯಾರು?' ಎಂಬ ಪ್ರಶ್ನೆ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅದು ಎಂದೂ ಅವರವರ ಪಕ್ಷದವರ ಹೆಸರಾಗಿರುವುದಿಲ್ಲ. ಹೀಗೆ ಹೊಣೆಯೆಂದರೆ ಅಪರಾಧವೆಂದೂ, ಹೊಣೆಗಾರನೆಂದರೆ ಅಪರಾಧಿಯೆಂದೂ ನಮ್ಮ ನಿತ್ಯದ ಬಳಕೆಯಲ್ಲಿ ಅರ್ಥವಾಗಿಬಿಟ್ಟಿದೆ.

ಹಳಗನ್ನಡದಲ್ಲಿ ಈ ಮಾತಿನ ರೂಪ 'ಪೊಣೆ'. ಪೊಣೆಯೆಂದರೆ ಜಾಮೀನು. ಇನ್ನೊಬ್ಬನ ಸಾಲಕ್ಕೋ ನಡತೆಗೋ ಪ್ರಾಣಕ್ಕೋ ತನ್ನನ್ನೇ ಒತ್ತೆಯಿಟ್ಟು ನಿಲ್ಲುವುದು. ಸಾಲ ಮಾಡಿದವನು ಅವನು, ತೆರುವವನು ಇವನು. ತಪ್ಪು ಯಾರದೆಂಬ ವಿಚಾರಣೆ ಪೊಣೆ ನಿಂತವನಿಗೆ ಸೇರಿದ್ದಲ್ಲ. 'ಹೊಣೆ ಹೊರಿಸುವುದು' ಎಂಬ ನುಡಿಗಟ್ಟು ನಮಗೆ ಈಗ ಸಲೀಸಾಗಿ ಬರುತ್ತದೆ; 'ಹೊಣೆ ನಿಲ್ಲುವುದು' ಎಂಬುದನ್ನು ಮಾತ್ರ ತರಗತಿಯಲ್ಲಿ ವಿವರಿಸಿ ಹೇಳಬೇಕಾಗುತ್ತದೆ.

ದೇಶವು ಪಾಳೆಯ ಪಾಳೆಯವಾಗಿ ಒಡೆದು, ಒಬ್ಬರನ್ನೊಬ್ಬರು ಅನುಮಾನದಿಂದ ದುರುಗುಟ್ಟಿ ನೋಡುವ ಕಾಲದಲ್ಲಿ ಈ ಹಳೆಯ ಅರ್ಥದ ಹೊಣೆಗೆ ಏನಾದರೂ ಕೆಲಸವುಂಟೆ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ, ಇಂದಿನ ಬಿರುಕುಗಳಿಗಿಂತ ನೂರು ಪಾಲು ಭಯಂಕರವಾದ ಒಂದು ಒಡಕಿನ ನಡುವೆ ಕೆಲವರು ಹೇಗೆ ನಡೆದುಕೊಂಡರೆಂಬುದನ್ನು ನೆನೆಯುವುದು ಲೇಸು. 1946 ಮತ್ತು 1947ರ ಬಂಗಾಳದ ಮಾತು ಅದು.

1946ರ ಆಗಸ್ಟ್ 16ರಂದು ಕಲ್ಕತ್ತೆಯಲ್ಲಿ ಹತ್ತಿಕೊಂಡ ಉರಿಯಲ್ಲಿ ಕೆಲವೇ ದಿನಗಳೊಳಗೆ ಸಾವಿರಾರು ಜನ ಬಲಿಯಾದರು. ಅಕ್ಟೋಬರಿನಲ್ಲಿ ಅದು ಪೂರ್ವ ಬಂಗಾಳದ ನೌಖಾಲಿಗೆ ಹಬ್ಬಿತು. ಅಲ್ಲಿ ಅಲ್ಪಸಂಖ್ಯಾತರಾಗಿದ್ದ ಹಿಂದೂಗಳ ಮೇಲೆ ಕೊಲೆ, ಸುಲಿಗೆ, ಬಲಾತ್ಕಾರದ ಮತಾಂತರಗಳು ನಡೆದವು. ನೌಖಾಲಿಯ ಸೇಡೆಂದು ಬಿಹಾರದ ಹಿಂದೂಗಳು ತಮ್ಮ ನೆರೆಯ ಮುಸಲ್ಮಾನರನ್ನು ಕೊಂದರು. ಆ ಬಿಹಾರದ ಮುಸಲ್ಮಾನನು ನೌಖಾಲಿಯನ್ನು ಕಂಡವನೇ ಅಲ್ಲ. ಆದರೂ ಅಲ್ಲಿಯ ಸಾಲವನ್ನು ಇವನಿಂದ ವಸೂಲು ಮಾಡಲಾಯಿತು. ಹೊಣೆಯ ವಿಕಾರ ರೂಪವೆಂದರೆ ಇದೇ: ಬಲವಂತದ ಪೊಣೆ.

ಗಾಂಧೀಜಿಯವರು ನೌಖಾಲಿಗೆ ಬಂದುದು ಆ ವರ್ಷದ ನವೆಂಬರಿನಲ್ಲಿ. ಅವರಿಗಾಗ 77 ವರ್ಷ. ತಮ್ಮ ಜೊತೆಯವರನ್ನೆಲ್ಲ ಒಬ್ಬೊಬ್ಬರನ್ನು ಒಂದೊಂದು ಹಳ್ಳಿಗೆ ಕಳುಹಿಸಿ, ತಾವು ಶ್ರೀರಾಂಪುರದಲ್ಲಿ ನೆಲೆಸಿದರು. 1947ರ ಜನವರಿ ಮೊದಲ ವಾರದಿಂದ ಹಳ್ಳಿಯಿಂದ ಹಳ್ಳಿಗೆ ಬರಿಗಾಲಿನಲ್ಲಿ ನಡೆದರು. ಕಾಲುವೆಗಳ ಮೇಲೆ ಹಾಸಿದ ಬಿದಿರಿನ ಸಂಕಗಳನ್ನು ದಾಟುವುದನ್ನು ಆ ವಯಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಅವರು ಬರುವ ದಾರಿಯಲ್ಲಿ ಹೊಲಸನ್ನು ಚೆಲ್ಲಿದವರಿದ್ದರು. ಇವೆಲ್ಲ ನಮ್ಮ ಶಾಲೆಯ ಪಾಠಗಳಲ್ಲಿ ಬಂದುಹೋದ ಸಂಗತಿಗಳೇ. ಪಾಠಗಳಲ್ಲಿ ಸಾಮಾನ್ಯವಾಗಿ ಬಾರದಿರುವ ಒಂದು ಸಂಗತಿಯುಂಟು. ಓಡಿಹೋದವರು ತಿರುಗಿ ತಮ್ಮ ಊರಿಗೆ ಬರಬೇಕಾದರೆ ಸೈನ್ಯ, ಪೊಲೀಸರ ಕಾವಲು ಸಾಲದೆಂದೂ, ಪ್ರತಿಯೊಂದು ಹಳ್ಳಿಯಲ್ಲಿಯೂ ಒಬ್ಬ ಮುಸಲ್ಮಾನನೂ ಒಬ್ಬ ಹಿಂದುವೂ ಆ ಊರಿನ ಶಾಂತಿಗೆ ಜಾಮೀನಾಗಿ ನಿಲ್ಲಬೇಕೆಂದೂ, ಅಗತ್ಯ ಬಿದ್ದರೆ ಪ್ರಾಣವನ್ನೇ ಕೊಡಬೇಕೆಂದೂ ಅವರು ಸೂಚಿಸಿದರು. ಇದು ನಮ್ಮ 'ಪೊಣೆ'ಯೇ. ನಿಘಂಟಿನಲ್ಲಿ ಮಲಗಿದ್ದ ಅರ್ಥ ಬಂಗಾಳದ ಕೆಸರು ಗದ್ದೆಗಳ ನಡುವೆ ಎದ್ದು ನಿಂತಿತು.

ಹಾಗೆ ನಿಂತವರಲ್ಲಿ ಬೀಬಿ ಅಮ್ತುಸ್ಸಲಾಂ ಎಂಬ ಮಹಿಳೆಯ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಕೇಳಿರಲಾರರು. ಪಟಿಯಾಲೆಯ ಕಡೆಯ ಮುಸಲ್ಮಾನ ಮನೆತನದವರು, ಆಶ್ರಮವಾಸಿ, ಆರೋಗ್ಯ ಅಷ್ಟಕ್ಕಷ್ಟೆ. ನೌಖಾಲಿಯ ಸಿರಂದಿ ಎಂಬ ಹಳ್ಳಿ ಅವರ ಪಾಲಿಗೆ ಬಂದಿತ್ತು. ಗಲಭೆಯಲ್ಲಿ ಹಿಂದೂಗಳಿಂದ ಅಪಹೃತವಾಗಿದ್ದ ಖಡ್ಗದ ವಿಷಯವಾಗಿ ಆಕೆ ಉಪವಾಸ ಹಿಡಿದರು. ಕಳವಾದುದು ಮೇಲುನೋಟಕ್ಕೆ ಸಣ್ಣ ವಸ್ತು. ಆದರೆ ಕದ್ದ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಆಡುವ ಸೌಹಾರ್ದದ ಮಾತಿಗೆ ಏನು ಬೆಲೆ? ಉಪವಾಸ 25 ದಿನ ನಡೆಯಿತು. ಕಡೆಗೆ ಜನವರಿ 20ರಂದು ಗಾಂಧೀಜಿಯವರ ಎದುರಿನಲ್ಲಿ ಊರಿನ ಮುಸಲ್ಮಾನ ಮುಖಂಡರು ನೆರೆಯವರ ರಕ್ಷಣೆಯ ಬಗೆಗೆ ಪ್ರತಿಜ್ಞೆಗೆ ಸಹಿ ಮಾಡಿದ ಮೇಲೆ ಆಕೆ ಉಪವಾಸ ಮುಗಿಸಿದರು. ಆಕೆ ಹಸಿದುದು ಯಾರ ಎದುರಿಗೆ ಎಂಬುದನ್ನು ವಾಚಕರು ಗಮನಿಸಬೇಕು. ತನ್ನ ಧರ್ಮದವರ ಎದುರಿಗೆ, ಅನ್ಯ ಧರ್ಮದವರ ಪರವಾಗಿ. ಹಿಂದೂಗಳೇನೂ ದೇವತೆಗಳಲ್ಲವೆಂದು ತೋರಿಸಲು ಆಕೆಗೆ ಬಿಹಾರದ ಉದಾಹರಣೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆಕೆ ಉಪವಾಸವನ್ನಲ್ಲದೆ ಬೇರೆ ಯಾವುದನ್ನೂ ಆಯ್ದುಕೊಳ್ಳಲಿಲ್ಲ.

ಇಂಥ ಎದೆಗಾರಿಕೆಗೆ ದೇವರ ಮೇಲಣ ನಂಬಿಕೆಯೇ ಕಾರಣವೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಕೊಂದವರೂ ದೇವರ ಹೆಸರನ್ನು ಕೂಗಿಯೇ ಕೊಂದರೆಂಬುದನ್ನು ಮರೆಯುವಂತಿಲ್ಲ. ಆದುದರಿಂದ ಶ್ರದ್ಧೆಯೊಂದಿದ್ದರೆ ದೇಶದ ಒಡಕು ಕೂಡಿಕೊಳ್ಳುವುದೆಂಬ ಉಪದೇಶವನ್ನು ನಾವು ಒಪ್ಪಲಾರೆವು. ಯಾವ ಶ್ರದ್ಧೆ, ಅದು ಯಾರನ್ನು ಕಟ್ಟುತ್ತದೆ ಎಂಬುದೇ ಮುಖ್ಯ. ನೆರೆಯವನನ್ನು ಕಟ್ಟುವ ಶ್ರದ್ಧೆಯೊಂದು, ತನ್ನನ್ನೇ ಕಟ್ಟಿಕೊಳ್ಳುವ ಶ್ರದ್ಧೆಯೊಂದು. ಇವೆರಡಕ್ಕೂ ಒಂದೇ ಗುಡಿ, ಒಂದೇ ಮಂತ್ರ ಇರಬಹುದು.

1947ರ ಏಪ್ರಿಲಿನಲ್ಲಿ ದೆಹಲಿಯ ವಾಲ್ಮೀಕಿ ಮಂದಿರದ ಬಳಿ ಗಾಂಧೀಜಿಯವರ ಸಂಜೆಯ ಪ್ರಾರ್ಥನಾ ಸಭೆಗಳು ನಡೆಯುತ್ತಿದ್ದವು. ಪ್ರಾರ್ಥನೆಯಲ್ಲಿ ಕುರಾನಿನ ಭಾಗವೂ ಸೇರಿತ್ತು. ಒಂದು ದಿನ ಸಭಿಕರೊಳಗಿಂದ ಯಾರೋ ಎದ್ದು, ಹಿಂದೂ ದೇವಾಲಯದ ಬಳಿ ಅದು ಕೂಡದೆಂದು ಆಕ್ಷೇಪಿಸಿದರು. ನೆರೆದಿದ್ದವರಲ್ಲಿ ಹೆಚ್ಚಿನವರಿಗೆ ಆ ಆಕ್ಷೇಪ ಹಿಡಿಸಲಿಲ್ಲ. ಆಕ್ಷೇಪಿಸಿದವರನ್ನು ಹೊರಕ್ಕೆ ತಳ್ಳಲು ಕೆಲವರು ಸಿದ್ಧರಾದರು. ಗಾಂಧೀಜಿ ಅದಕ್ಕೆ ಅವಕಾಶ ಕೊಡಲಿಲ್ಲ. ಕುರಾನಿನ ಭಾಗವನ್ನು ಬಿಟ್ಟು ಉಳಿದುದನ್ನು ನಡೆಸಲೂ ಇಲ್ಲ. ಅಂದಿನ ಪ್ರಾರ್ಥನೆಯನ್ನೇ ಪೂರ್ತಿಯಾಗಿ ನಿಲ್ಲಿಸಿದರು. ಮರುದಿನವೂ ಆಕ್ಷೇಪ ಬಂದಿತು, ಮರುದಿನವೂ ಪ್ರಾರ್ಥನೆ ನಿಂತಿತು. ಆಕ್ಷೇಪಿಸಿದವರು ತಾವಾಗಿಯೇ ಸುಮ್ಮನಾದ ದಿನ ಪ್ರಾರ್ಥನೆ ಪೂರ್ತಿಯಾಗಿ ನಡೆಯಿತು. ಅಲ್ಪಮತದ ಒಬ್ಬನನ್ನು ಬಹುಮತದಿಂದ ತುಳಿಯುವುದಿಲ್ಲ, ಅವನ ಹೆದರಿಕೆಯಿಂದ ತನ್ನ ನಂಬಿಕೆಯನ್ನು ತುಂಡರಿಸಿಕೊಳ್ಳುವುದೂ ಇಲ್ಲ. ನಷ್ಟ ಬರುವುದಾದರೆ ತನ್ನ ಪ್ರಾರ್ಥನೆಗೇ ಬರಲಿ ಎಂಬ ನಿಲವು ಅದು. ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಭಿನ್ನ ಮತದವನೊಬ್ಬ ಎದ್ದು ನಿಂತಾಗ ಆಗುವ ಗದ್ದಲವನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಕನ್ನಡದಲ್ಲಿ ದೇವರನ್ನು ನಂಬುವುದಕ್ಕೂ ಮನುಷ್ಯನನ್ನು ನಂಬುವುದಕ್ಕೂ ಇರುವುದು ಒಂದೇ ಕ್ರಿಯಾಪದ. ಇದು ಭಾಷೆಯ ಬಡತನವೆಂದು ನಮಗೆ ತೋರುವುದಿಲ್ಲ. ನೆರೆಯವನನ್ನು ಕಿಂಚಿತ್ತೂ ನಂಬದೆ ದೇವರನ್ನು ಮಾತ್ರ ಗಾಢವಾಗಿ ನಂಬುವೆನೆಂಬುವನ ಮಾತಿನಲ್ಲಿ ಆ ಕ್ರಿಯಾಪದವೇ ತೊಡರುತ್ತದೆ.

ನಂಬಿಕೆಯ ಅತ್ಯಂತ ಕಠಿಣ ಪರೀಕ್ಷೆ ಆ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ಸ್ವಾತಂತ್ರ್ಯದ ದಿನ ಸಮೀಪಿಸುತ್ತಿರಲು ನಗರ ಮತ್ತೆ ಹೊಗೆಯಾಡುತ್ತಿತ್ತು. 1946ರ ಹತ್ಯೆಗಳ ಕಾಲದಲ್ಲಿ ಪ್ರಾಂತದ ಪ್ರಧಾನಿಯಾಗಿದ್ದ ಶಹೀದ್ ಸುಹ್ರಾವರ್ದಿಯವರು, ನಗರದಲ್ಲಿ ಉಳಿದು ಮುಸಲ್ಮಾನರನ್ನು ಕಾಪಾಡಬೇಕೆಂದು ಗಾಂಧೀಜಿಯವರನ್ನು ಕೇಳಿಕೊಂಡರು. ಗಾಂಧೀಜಿ ಒಂದು ಷರತ್ತಿನ ಮೇಲೆ ಒಪ್ಪಿದರು: ಇಬ್ಬರೂ ಒಂದೇ ಸೂರಿನ ಕೆಳಗೆ, ಪೊಲೀಸರ ಕಾವಲಿಲ್ಲದೆ ಇರಬೇಕು. ಆಗಸ್ಟ್ 13ರಂದು ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಪಾಳುಮನೆಯಲ್ಲಿ ಬಿಡಾರ ಮಾಡಿದರು. ಹಿಂದೂ ತರುಣರ ಗುಂಪು ಕಲ್ಲು ತೂರಿ ಅವರನ್ನು ಸ್ವಾಗತಿಸಿತು.

ಮರುದಿನ ಸಂಜೆ ಗುಂಪು ಮತ್ತೆ ಸೇರಿ ಸುಹ್ರಾವರ್ದಿ ಎಲ್ಲಿ ಎಂದು ಕೂಗತೊಡಗಿತು. ಗಾಂಧೀಜಿ ಅವರನ್ನು ಕಿಟಕಿಗೆ ಕರೆತಂದು, ತಾವೂ ಪಕ್ಕದಲ್ಲಿ ನಿಂತರು. ಹಿಂದಿನ ವರ್ಷದ ಹತ್ಯೆಗೆ ನೀವು ಹೊಣೆಯಲ್ಲವೆ ಎಂದು ಗುಂಪಿನೊಳಗಿಂದ ಒಬ್ಬ ಕೇಳಿದ. ಸುಹ್ರಾವರ್ದಿಯವರ ಮೊದಲ ಉತ್ತರ, ಅದಕ್ಕೆ ನಾವೆಲ್ಲರೂ ಹೊಣೆ ಎಂಬುದು. ವೇದಿಕೆಯ ಮೇಲಿನಿಂದ ನಾವು ದಿನವೂ ಕೇಳುವ ಉತ್ತರ ಇದು. ಎಲ್ಲರೂ ಹೊಣೆಯಾದರೆ ಯಾರೂ ಹೊಣೆಯಲ್ಲವಷ್ಟೆ. ಕೇಳಿದವನು ಬಿಡಲಿಲ್ಲ; ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಎಂದ. ಆಗ ಆ ಮನುಷ್ಯ, ಹೌದು, ಹೊಣೆ ನನ್ನದೇ ಎಂದು ಒಪ್ಪಿಕೊಂಡರು.

ಸುಹ್ರಾವರ್ದಿಯವರ ರಾಜಕೀಯ ಚರಿತ್ರೆಯನ್ನು ಬಲ್ಲವರು ಅವರನ್ನು ಸಂತರ ಸಾಲಿಗೆ ಸೇರಿಸಲಾರರು. ನಮಗೂ ಆ ಉದ್ದೇಶವಿಲ್ಲ. ಆದರೆ ರೊಚ್ಚಿಗೆದ್ದ ಗುಂಪಿನ ಮುಂದೆ, ಕಾವಲಿಲ್ಲದ ಕಿಟಕಿಯಲ್ಲಿ ನಿಂತು, 'ನಾವೆಲ್ಲರೂ' ಎಂಬ ಬಹುವಚನದಿಂದ 'ನಾನು' ಎಂಬ ಏಕವಚನಕ್ಕೆ ಇಳಿದು ಬಂದುದು ಸಣ್ಣ ಸಂಗತಿಯಲ್ಲ. ಗುಂಪಿನ ಸಿಟ್ಟು ಅಲ್ಲಿಗೆ ಇಳಿಯಿತು. ಗಾಂಧೀಜಿಯವರೂ ಆ ತಪ್ಪೊಪ್ಪಿಗೆಯೇ ತಿರುವೆಂದು ಭಾವಿಸಿದರು. ಆ ರಾತ್ರಿ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂ ಮುಸಲ್ಮಾನರು ಅಪ್ಪಿಕೊಂಡರು. ವ್ಯಾಕರಣದ ಪಾಠದಲ್ಲಿ ವಚನಭೇದವನ್ನು ಹೇಳಿಕೊಡುವವರು ಈ ಉದಾಹರಣೆಯನ್ನು ಬಳಸಿಕೊಂಡರೆ ತಪ್ಪಿಲ್ಲ.

ಆ ಅಪ್ಪುಗೆ ಹದಿನೈದು ದಿನ ಮಾತ್ರ ಬಾಳಿತು. ಆಗಸ್ಟ್ 31ರ ರಾತ್ರಿ ಗುಂಪು ಅದೇ ಮನೆಗೆ ನುಗ್ಗಿತು. ಮರುದಿನ ನಗರದಲ್ಲಿ ಮತ್ತೆ ಕೊಲೆಗಳಾದವು. ಗಾಂಧೀಜಿ ಸೆಪ್ಟೆಂಬರ್ 1ರಂದು ಉಪವಾಸ ಹಿಡಿದರು. ಗೂಂಡಾಗಳ ಎದುರಿಗೆ ಉಪವಾಸವೇ ಎಂದು, ಆಗ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ರಾಜಾಜಿ ತಡೆಯ ಹೋದರು. ಗೂಂಡಾಗಳ ಹಿಂದೆ ಇರುವವರ ಹೃದಯ ಮುಟ್ಟಬೇಕೆಂಬುದು ಗಾಂಧೀಜಿಯವರ ಉತ್ತರದ ಸಾರ. ಗೂಂಡಾ ಎಂಬ ಹೆಸರನ್ನು ಮುಂದಿಟ್ಟು ತಾನು ಮರೆಯಲ್ಲಿ ನಿಲ್ಲುವ ಸಭ್ಯ ಗೃಹಸ್ಥನನ್ನೇ ಅವರು ಹುಡುಕುತ್ತಿದ್ದರು. ಶಾಂತಿಗಾಗಿ ಬೀದಿಗಿಳಿದ ಸಚಿನ್ ಮಿತ್ರ, ಸ್ಮೃತೀಶ ಬ್ಯಾನರ್ಜಿ ಎಂಬಿಬ್ಬರು ಆ ದಿನಗಳಲ್ಲೇ ಪ್ರಾಣ ತೆತ್ತರು. ಉತ್ತರ ಕಲ್ಕತ್ತೆಯ ಪೊಲೀಸರು ಕೆಲಸದಲ್ಲಿದ್ದುಕೊಂಡೇ ಒಂದು ದಿನ ಉಪವಾಸ ಮಾಡಿದರು. ಆಯುಧಗಳನ್ನು ತಂದು ಒಪ್ಪಿಸಿದವರುಂಟು. ಸೆಪ್ಟೆಂಬರ್ 4ರಂದು ಹಿಂದೂ ಮಹಾಸಭೆ, ಮುಸ್ಲಿಂ ಲೀಗ್, ಸಿಖ್ಖರ ಮುಖಂಡರು ಬಂದು ಸೇರಿದರು. ಮತ್ತೆ ಗಲಭೆಯಾದರೆ ಅದನ್ನು ತಡೆಯಲು ಪ್ರಾಣ ಕೊಡುವಿರಾ ಎಂದು ಅವರನ್ನು ಕೇಳಿ, ಬರವಣಿಗೆಯಲ್ಲಿ ಮಾತು ಪಡೆದ ಮೇಲೆಯೇ 73 ಗಂಟೆಗಳ ಆ ಉಪವಾಸ ಮುಗಿಯಿತು. ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ ಕಲ್ಕತ್ತೆ ತಣ್ಣಗಾಯಿತು.

ಇದರಿಂದ ಎಲ್ಲವೂ ಸರಿಹೋಯಿತೆಂದು ಬರೆಯುವುದು ಅಸತ್ಯವಾದೀತು. ದೇಶ ಒಡೆಯಿತು. ನೌಖಾಲಿಯ ಹಿಂದೂಗಳಲ್ಲಿ ಅನೇಕರು ಕಾಲಕ್ರಮದಲ್ಲಿ ಊರು ಬಿಟ್ಟರು. ಕಲ್ಕತ್ತೆಯೇ 1950ರಲ್ಲಿಯೂ 1964ರಲ್ಲಿಯೂ ಮತ್ತೆ ಗಲಭೆಗಳನ್ನು ಕಂಡಿತು. ಉಪವಾಸವೂ ಒಂದು ಬಗೆಯ ಬಲಾತ್ಕಾರವೇ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು; ಒಬ್ಬ ವೃದ್ಧನ ಉಸಿರಿಗೆ ನಗರವೊಂದರ ಶಾಂತಿಯನ್ನು ಗಂಟುಹಾಕುವುದು ಬಹುಕಾಲ ನಡೆಯುವ ಏರ್ಪಾಟಲ್ಲ. ವ್ಯಕ್ತಿಯ ಹೊಣೆಯನ್ನು ಕೊಂಡಾಡುತ್ತ ಸರ್ಕಾರದ ಹೊಣೆಯನ್ನು ಮರೆಸುವ ಅಪಾಯವೂ ಇದೆ. ಈ ವಿಷಯದಲ್ಲಿ ಗಾಂಧೀಜಿಯವರಿಗೆ ಭ್ರಮೆಯಿರಲಿಲ್ಲ. ಬಿಹಾರದ ಹತ್ಯೆಗಳ ಬಗೆಗೆ ನಿಷ್ಪಕ್ಷಪಾತವಾದ ತನಿಖೆ ನಡೆಯಬೇಕೆಂದು ಅವರು ಒತ್ತಾಯಿಸಿದುದು ತಮ್ಮದೇ ಕಾಂಗ್ರೆಸ್ಸಿನ ಮಂತ್ರಿಮಂಡಲವನ್ನು. ನೌಖಾಲಿಯಲ್ಲಿ ಲೀಗಿನವರಿಗೆ ಹೇಳಿದ ಮಾತನ್ನೇ ಪಾಟ್ನಾದಲ್ಲಿ ತಮ್ಮವರಿಗೂ ಹೇಳಿದರು. ತಮ್ಮವರಿಗೆ ಅದು ರುಚಿಸಲಿಲ್ಲ.

ಇಂದಿನ ನಮ್ಮ ಕಷ್ಟವೂ ಇಲ್ಲಿಯೇ ಇದೆ. ಎದುರು ಪಕ್ಷದವರ ಸುಳ್ಳನ್ನು ಬಯಲಿಗೆಳೆಯುವವರಿಗೆ ಕೊರತೆಯಿಲ್ಲ. ಕೈಯಲ್ಲಿರುವ ಫೋನು ಆ ಕೆಲಸಕ್ಕೆ ಹಗಲಿರುಳೂ ಸಿದ್ಧವಾಗಿದೆ. ತನ್ನ ಪಕ್ಷದವನು ಕಳುಹಿಸಿದ ಸುಳ್ಳನ್ನು ಅವನಿಗೇ ಹಿಂದಿರುಗಿಸಿ, ಇದು ಸುಳ್ಳು ಎಂದು ಹೇಳುವುದು ಬೇರೆ ಬಗೆಯ ಕೆಲಸ. ಅದರಿಂದ ಗೆಳೆತನ ಕೆಡುತ್ತದೆ. ಮದುವೆ ಮುಂಜಿಗಳಲ್ಲಿ ಮುಖ ತಿರುಗಿಸಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. 'ಇವನು ಆ ಕಡೆಗೆ ಹೋದ' ಎಂಬ ಮಾತು ಹಬ್ಬುತ್ತದೆ. ಸಿರಂದಿಯಲ್ಲಿ 25 ದಿನ ಹಸಿದವರ ಮುಂದೆ ಇದು ಯಾವ ಲೆಕ್ಕ ಎನ್ನಬಹುದು. ಆದರೂ ಇಷ್ಟನ್ನು ಕೂಡ ಮಾಡುವವರು ನಮ್ಮ ನಿಮ್ಮ ಪರಿಚಯದಲ್ಲಿ ಎಷ್ಟು ಜನ? ವಿದ್ಯಾವಂತರಲ್ಲಿ, ಅದರಲ್ಲಿಯೂ ಬೋಧಕರಲ್ಲಿ, ಈ ಎಣಿಕೆ ಬೆರಳುಗಳನ್ನು ಮೀರುವುದೆಂದು ನಮಗೆ ತೋರುವುದಿಲ್ಲ. ತರಗತಿಯಲ್ಲಿ ಕುಳಿತ ಹುಡುಗ ಹುಡುಗಿಯರು ಅಧ್ಯಾಪಕರ ಮತವನ್ನು ಬಹುಬೇಗ ಊಹಿಸುತ್ತಾರೆ. ಆ ಮತಕ್ಕೆ ವಿರೋಧವಾದ ಮಾತನ್ನು ಅದೇ ಅಧ್ಯಾಪಕರು ನ್ಯಾಯವಾಗಿ ವಿವರಿಸುತ್ತಾರೆಯೇ ಎಂಬುದನ್ನೂ ಅವರು ನೋಡುತ್ತಿರುತ್ತಾರೆ.

ಅಮ್ತುಸ್ಸಲಾಂ ಅವರ ಕಥೆ ನೌಖಾಲಿಗೆ ಮುಗಿಯಲಿಲ್ಲ. ದೇಶ ವಿಭಜನೆಯ ತರುವಾಯ ಆಕೆ ಅಪಹೃತರಾದ ಹೆಂಗಸರನ್ನು ಹುಡುಕಿ ತರುವ ಕಾರ್ಯದಲ್ಲಿ ತೊಡಗಿದರು. ಬಹಾವಲಪುರದಿಂದ ಮನೆಮಠ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರಿಗಾಗಿ ಪಂಜಾಬಿನ ರಾಜಪುರದಲ್ಲಿ ವಸತಿ ಏರ್ಪಟ್ಟಾಗ ಅಲ್ಲಿ ಅವರ ನಡುವೆ ನೆಲೆಸಿದರು. ಕಸ್ತೂರಬಾ ಅವರ ಹೆಸರಿನ ಸೇವಾಮಂದಿರವೊಂದನ್ನು ಕಟ್ಟಿ, 1985ರಲ್ಲಿ ತೀರಿಕೊಳ್ಳುವವರೆಗೆ ಸೇವೆಯಲ್ಲಿಯೇ ಇದ್ದರು. ಮುಸಲ್ಮಾನರ ದೆಸೆಯಿಂದ ಊರು ಕಳೆದುಕೊಂಡು ಬಂದ ಜನರ ನಡುವೆ ಒಬ್ಬ ಮುಸಲ್ಮಾನ ಮಹಿಳೆ ಮನೆ ಮಾಡಿದಾಗ ಅವರು ಮೊದಮೊದಲು ಆಕೆಯನ್ನು ಯಾವ ಕಣ್ಣಿನಿಂದ ನೋಡಿದರೋ. ಆಕೆ ಬೇರೆ ಊರನ್ನು ಹುಡುಕಿಕೊಂಡು ಹೋಗಲಿಲ್ಲ.