ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕವಿದರೆ

'ಮಗಳಿಗೆ ಲೋ ಬಿಪಿ ಇದೆ. ದಯವಿಟ್ಟು ಆಟಕ್ಕೆ ಸೇರಿಸಬೇಡಿ.' ಪೀಣ್ಯ, ದಾಸರಹಳ್ಳಿ ಕಡೆಯ ಶಾಲೆಗಳ ಮೇಷ್ಟ್ರುಗಳಿಗೆ ಇಂಥ ಚೀಟಿ ಹೊಸದಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮಗು ಕುಸಿದರೆ ಲೋ ಬಿಪಿ. ಗಾರ್ಮೆಂಟ್ಸಿಗೆ ಹೋಗುವ ತಾಯಿಗೆ ಸಂಜೆ ಸುಸ್ತಾದರೆ ಲೋ ಬಿಪಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣನಿಗೆ ತಲೆ ಸುತ್ತಿದರೆ ಅದೂ ಲೋ ಬಿಪಿ! ಇವರಲ್ಲಿ ಎಷ್ಟು ಜನರ ರಕ್ತದೊತ್ತಡವನ್ನು ನಿಜಕ್ಕೂ ಅಳೆದು ನೋಡಿದ್ದಾರೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಈ ಅಂಕಣಕಾರನ ರಕ್ತದೊತ್ತಡವೂ ಬಹಳ ವರ್ಷಗಳಿಂದ 100/60ರ ಆಸುಪಾಸಿನಲ್ಲೇ ಇದೆ. ನಿಂತು ಪಾಠ ಮಾಡುವುದಕ್ಕೆ ಅದೇನೂ ಅಡ್ಡಿಯಾಗಿಲ್ಲ. ಹಾಗಾದರೆ ಯಾವುದು ಕಾಯಿಲೆ, ಯಾವುದು ಅಲ್ಲ?

ಮೊದಲು ಈ ಅಂಕಿಗಳ ಅರ್ಥ ತಿಳಿಯೋಣ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯೊಂದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತು. ಇದನ್ನು ಅವನು 1733ರಲ್ಲಿ ಪ್ರಕಟಿಸಿದ. ಅಷ್ಟು ಉದ್ದದ ಕೊಳವೆಯನ್ನು ವೈದ್ಯರು ಹೊತ್ತು ತಿರುಗುವಂತಿಲ್ಲ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದ್ದರಿಂದ ಗಿಡ್ಡ ಕೊಳವೆ ಸಾಕಾಯಿತು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಕಟ್ಟುವ ಪಟ್ಟಿಯನ್ನೂ, 1905ರಲ್ಲಿ ರಷ್ಯದ ಕೊರೊಟ್ಕೋವ್ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುವ ಕ್ರಮವನ್ನೂ ತಂದರು. ಈಗ ಪಾದರಸದ ಉಪಕರಣ ಹಿಂದೆ ಸರಿಯುತ್ತಿದ್ದರೂ ಲೆಕ್ಕ ಮಾತ್ರ ಪಾದರಸದ ಮಿಲಿಮೀಟರಿನಲ್ಲೇ ಉಳಿದಿದೆ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲಿದಾಗಿನದು ಕೆಳಗಿನದು. 120 ಎಂದರೆ ಸುಮಾರು 163 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ನೀವೇ ಗುಣಿಸಿ ನೋಡಿ.

ಇನ್ನು ಎದ್ದು ನಿಲ್ಲುವ ಮಾತು. ನಾವು ಮಲಗಿದ್ದಾಗ ತಲೆಯೂ ಹೃದಯವೂ ಒಂದೇ ಮಟ್ಟದಲ್ಲಿರುತ್ತವೆ. ನಿಂತಾಗ ಮೆದುಳು ಹೃದಯಕ್ಕಿಂತ ಸುಮಾರು 30 ಸೆಂ.ಮೀ. ಮೇಲೇರುತ್ತದೆ. ಆ ಎತ್ತರಕ್ಕೇ ಸುಮಾರು 23 ಮಿ.ಮೀ. ಒತ್ತಡ ಖರ್ಚಾಗುತ್ತದೆ. ಜೊತೆಗೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಮೇಲಿನ ಮಹಡಿಯ ನಲ್ಲಿಯೇ ಮೊದಲು ಸಣ್ಣಗಾಗುವುದಿಲ್ಲವೇ? ಹಾಗೆಯೇ ಇಲ್ಲಿ ಮೊದಲು ಕಷ್ಟವಾಗುವುದು ಕಣ್ಣಿಗೆ, ಮೆದುಳಿಗೆ.

ಇದನ್ನು ಸರಿಪಡಿಸುವ ವ್ಯವಸ್ಥೆ ನಮ್ಮೊಳಗೇ ಇದೆ. ಕತ್ತಿನ ಅಪಧಮನಿಯ ಗೋಡೆಯಲ್ಲಿರುವ ನರತುದಿಗಳು ಒತ್ತಡ ಇಳಿದುದನ್ನು ಕೂಡಲೇ ಮೆದುಳಿಗೆ ತಿಳಿಸುತ್ತವೆ. ಹೃದಯ ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ನಡೆಯುವಾಗ ಕಾಲಿನ ಮೀನಖಂಡಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಈ ಏರ್ಪಾಡು ಚೆನ್ನಾಗಿದ್ದರೆ 90/60 ಇದ್ದವರೂ ಆರಾಮವಾಗಿ ಓಡಾಡುತ್ತಾರೆ. ಚಿಕ್ಕ ಮಕ್ಕಳಿಗಂತೂ ದೊಡ್ಡವರಿಗಿಂತ ಕಡಿಮೆ ಒತ್ತಡವೇ ಸಹಜ. ತೊಂದರೆ ಇಲ್ಲದವರ ಕಡಿಮೆ ಅಂಕಿಗೆ ಔಷಧ ಬೇಕಿಲ್ಲ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರ ವೈದ್ಯರು ಕಾರಣ ಹುಡುಕುತ್ತಾರೆ. ಆದ್ದರಿಂದ ತಲೆಸುತ್ತು ಇರುವವರು ಮಲಗಿ ಒಮ್ಮೆ, ನಿಂತು ಒಮ್ಮೆ ಅಳೆಯಿಸಿಕೊಳ್ಳಬೇಕು.

ಪ್ರಾರ್ಥನೆಯಲ್ಲಿ ಬೀಳುವ ಮಗುವಿನ ಕಥೆಯೂ ಇದೇ. ತಿಂಡಿ ತಿಂದಿಲ್ಲ, ನೀರು ಕುಡಿದಿಲ್ಲ, ಬಿಸಿಲು ಬೇರೆ. 'ಅಲುಗಾಡಬೇಡ' ಎಂದಿದ್ದರಿಂದ ಮೀನಖಂಡಗಳಿಗೂ ಕೆಲಸವಿಲ್ಲ. ಮೆದುಳಿಗೆ ರಕ್ತ ಸಾಲದೆ ಮಗು ಕುಸಿಯುತ್ತದೆ. ಬಿದ್ದೊಡನೆ ತಲೆ ಹೃದಯದ ಮಟ್ಟಕ್ಕೆ ಬಂದು ರಕ್ತ ಮತ್ತೆ ಹರಿಯುತ್ತದೆ. ಅಂದರೆ ಬೀಳುವುದೇ ದೇಹ ಮಾಡಿಕೊಳ್ಳುವ ಮೊದಲ ಚಿಕಿತ್ಸೆ! ನಾವೇನು ಮಾಡುತ್ತೇವೆ? ನಾಲ್ಕು ಜನ ಸೇರಿ ಎತ್ತಿ ಕುರ್ಚಿಯ ಮೇಲೆ ಕೂರಿಸುತ್ತೇವೆ, ಬಾಯಿಗೆ ನೀರು ಹೊಯ್ಯುತ್ತೇವೆ. ಎರಡೂ ತಪ್ಪು. ನೆಲದ ಮೇಲೇ ಅಂಗಾತ ಮಲಗಿಸಿ, ಕಾಲಡಿಗೆ ನಾಲ್ಕು ಸ್ಕೂಲ್ ಬ್ಯಾಗ್ ಇಟ್ಟು ಎತ್ತರಿಸಿ. ಟೈ, ಬೆಲ್ಟ್ ಸಡಿಲಿಸಿ, ಗಾಳಿ ಬಿಡಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ಆಗದಿದ್ದರೆ 108ಕ್ಕೆ ಕರೆ ಮಾಡಿ.

ಮಗು ಎದ್ದು ಕುಳಿತ ಮೇಲೆ 'ಲೋ ಬಿಪಿ' ಎಂದು ಹೆಸರಿಟ್ಟು ಸುಮ್ಮನಾಗುವುದೇ ದೊಡ್ಡ ಅಪಾಯ. ಯಾಕೆ ಎಂದು ಕೇಳಲೇಬೇಕು. ಎಷ್ಟೋ ಹೆಣ್ಣುಮಕ್ಕಳು ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಹೊಲಿಗೆ ಯಂತ್ರದ ಮುಂದಿನಿಂದ ಪದೇ ಪದೇ ಏಳುವುದು ಹೇಗೆಂದು ಅವರ ತಾಯಂದಿರೂ ಹಾಗೆಯೇ ಮಾಡುತ್ತಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದಿತು. ಒಳ್ಳೆಯದೇ. ಆದರೆ ಶೌಚಾಲಯಕ್ಕೆ ಬಾಗಿಲು, ನೀರು ಇಲ್ಲದಿದ್ದರೆ ಗಂಟೆ ಬಾರಿಸಿ ಪ್ರಯೋಜನವಿಲ್ಲ.

ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಏದುಸಿರು, ತಲೆಸುತ್ತು ಅದರ ಲಕ್ಷಣಗಳು. 'ಲೋ ಬಿಪಿ' ಎಂಬ ಹೆಸರಿನಡಿಯಲ್ಲಿ ಇದು ವರ್ಷಗಟ್ಟಲೆ ಅಡಗಿ ಕೂರುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯದಂತೆ ನೋಡಿಕೊಳ್ಳಿ.

ಮೂರನೆಯದು ಡೆಂಗಿ. ಜ್ವರ ಇಳಿದ ಮೇಲೆ ಗಂಡಾಂತರ ಕಳೆಯಿತೆಂದು ತಿಳಿಯುತ್ತೇವೆ. ಆದರೆ ಆ ಹೊತ್ತಿನಲ್ಲೇ ರಕ್ತದ ದ್ರವಾಂಶ ನಾಳಗಳಿಂದ ಸೋರಿ ಒತ್ತಡ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ಮಂಕು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬಿದ್ದ ಮಗುವಿಗೆ, ಎದೆನೋವಿನೊಡನೆ ಬಿದ್ದವರಿಗೆ ಹೃದಯದ ಪರೀಕ್ಷೆ ಆಗಲೇಬೇಕು. ಅಜ್ಜ ಅಜ್ಜಿಯರಿಗೆ ತಲೆ ಸುತ್ತಿದರೆ ಅವರು ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಇಂಥ ಕಾರಣ ಯಾವುದೂ ಇಲ್ಲವೆಂದು ತಿಳಿದ ಮೇಲೆ ಉಳಿಯುವುದು ದಿನನಿತ್ಯದ ಅಭ್ಯಾಸ. ಏಳುವಾಗ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳುತ್ತೇನೆ. ಮೊದಲ ಕೆಲಸ ಒಂದು ದೊಡ್ಡ ಲೋಟ ನೀರು. ತಿಂಡಿ ತಪ್ಪಿಸುವುದಿಲ್ಲ. ನಿಂತಲ್ಲೇ ನಿಲ್ಲಬೇಕಾದಾಗ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಕಣ್ಣು ಮಂಜಾಗುವಂತಿದ್ದರೆ ಕೂಡಲೇ ಕುಳಿತುಬಿಡುತ್ತೇನೆ, ಬಸ್ಸಿನಲ್ಲಾದರೂ ನಾಚಿಕೆಯಿಲ್ಲ. ಉಪ್ಪು ಹೆಚ್ಚಿಸುವುದಿದ್ದರೆ ವೈದ್ಯರು ಹೇಳಿದರೆ ಮಾತ್ರ. ಸುಸ್ತಾದಾಗಲೆಲ್ಲ ಕ್ಲಿನಿಕ್ಕಿನಲ್ಲಿ 'ಗ್ಲೂಕೋಸ್ ಬಾಟಲಿ' ಹಾಕಿಸಿಕೊಳ್ಳುವವರಿದ್ದಾರೆ. ಅರ್ಧ ಲೀಟರಿನ ಸಾಮಾನ್ಯ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಎರಡು ಇಡ್ಲಿಯ ಶಕ್ತಿ. ಇಡ್ಲಿಯೇ ಅಗ್ಗ!

ವಿದ್ಯಾರ್ಥಿಗಳೇ, ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಐದು ನಿಮಿಷ ಮಲಗಿ ಒಂದು ನಿಮಿಷದ ನಾಡಿ ಎಣಿಸಿ. ಎದ್ದು ನಿಂತು ಮತ್ತೆ ಎಣಿಸಿ. ಪಕ್ಕದಲ್ಲಿ ಯಾರಾದರೂ ಇರಲಿ. ಸಾಮಾನ್ಯವಾಗಿ ಹತ್ತು ಇಪ್ಪತ್ತು ಬಡಿತ ಹೆಚ್ಚುತ್ತದೆ. ಕತ್ತಿನ ನರತುದಿಗಳ ಕೆಲಸವನ್ನು ನಿಮ್ಮ ಬೆರಳೇ ತೋರಿಸುತ್ತದೆ.

ತಂದೆತಾಯಿಯರಲ್ಲಿ ಒಂದು ವಿನಂತಿ. ಮುಂದಿನ ಸಲ ಚೀಟಿ ಬರೆಯುವಾಗ ಮಗು ಬಿದ್ದದ್ದು ಯಾವಾಗ, ತಿಂಡಿ ತಿಂದಿತ್ತೇ, ನೀರು ಕುಡಿದಿತ್ತೇ, ವೈದ್ಯರು ಅಳೆದಾಗ ಎಷ್ಟಿತ್ತು ಎಂಬುದನ್ನು ಬರೆಯಿರಿ. ವೈದ್ಯರು ಬೇಡವೆನ್ನದಿದ್ದರೆ ಮಗಳನ್ನು ಖೋಖೋ ಆಡಲು ಬಿಡಿ. ಓಡುವ ಕಾಲಿನ ಮೀನಖಂಡ ಅವಳಿಗೆ ಒಳ್ಳೆಯದನ್ನೇ ಮಾಡುತ್ತದೆ.