ಮರುಕಳಿಸುವ ಸೋಂಕನ್ನು ಮಾಮೂಲಿ ಎನ್ನಬೇಡಿ

ಅಂಬಲಪಾಡಿಯಲ್ಲಿ ಮಳೆ ಹಿಡಿಯಿತೆಂದರೆ ಜ್ವರ, ಕೆಮ್ಮು ಯಾವ ಮನೆಗೂ ಹೊಸದಲ್ಲ. ನಾಲ್ಕು ದಿನ ಗಂಜಿ, ಮೆಡಿಕಲ್‌ನಿಂದ ತಂದ ಮಾತ್ರೆ, ಮತ್ತೆ ಕೆಲಸ. ಬಹುತೇಕರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ನಲವತ್ತು, ಐವತ್ತರವರೆಗೆ ಗಟ್ಟಿಮುಟ್ಟಾಗಿದ್ದು, ಆಮೇಲೆ ಒಂದರ ಬೆನ್ನಿಗೆ ಒಂದು ಸೋಂಕಿಗೆ ಸಿಕ್ಕುವ ಕೆಲವರಿರುತ್ತಾರೆ. ಮೊದಲು ಕುತ್ತಿಗೆಯಲ್ಲಿ ಗಡ್ಡೆ, ಕೆಲವು ತಿಂಗಳಿಗೆ ಸರ್ಪಸುತ್ತು, ಬಳಿಕ ರಕ್ತದಲ್ಲಿ ಸಾಲ್ಮೊನೆಲ್ಲಾ. ಒಂದೊಂದಕ್ಕೂ ಬೇರೆ ವೈದ್ಯರು, ಬೇರೆ ಚೀಟಿ, ಬೇರೆ ಫೈಲು. ಅಷ್ಟನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಇಂತಹ ಉದಾಸೀನಕ್ಕೆ ಈ ಕರಾವಳಿ ಮೊದಲೇ ಬೆಲೆ ತೆತ್ತಿದೆ. ಕೆಸರಿನಲ್ಲಿ, ಗದ್ದೆಯ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಮಳೆಗಾಲದಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯವರನ್ನು ಬೇಗ ಹಿಡಿಯುತ್ತದೆ. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು 1912ರಲ್ಲೇ ವರದಿ ಮಾಡಿದ್ದರು. ಆದರೂ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಲೆ ಕಂಡೊಡನೆ ಟಿಬಿ ಎಂದು ಭಾವಿಸುವುದು ರೂಢಿಯಾಗಿತ್ತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಕೀವು, ರಕ್ತವನ್ನು ಕಲ್ಚರ್‌ಗೆ ಹಾಕಿ ಹುಡುಕಿದವರಿಗೆ ಅದು ನಮ್ಮ ಜಿಲ್ಲೆಯವರಲ್ಲೇ ಸಿಕ್ಕಿತು.

ಇನ್ನೊಂದು ಎಚ್ಚರಿಕೆ ಅದಕ್ಕಿಂತ ಸೂಕ್ಷ್ಮವಾದದ್ದು. ಜೀವಕೋಶದೊಳಗೆ ಅಡಗುವ ರೋಗಾಣುಗಳನ್ನು ಕೊಲ್ಲಲು ದೇಹಕ್ಕೆ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನು ಬೇಕು. ಕೆಲವು ವಯಸ್ಕರಲ್ಲಿ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. 2004ರಿಂದ ಇದರ ವರದಿಗಳಿವೆ. ಥಾಯ್ಲೆಂಡ್ ಮತ್ತು ತೈವಾನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಇಲ್ಲದೆಯೂ ಇಂತಹ ತೀವ್ರ ಸೋಂಕುಗಳಿಗೆ ತುತ್ತಾದವರ ಪೈಕಿ ಶೇ. 88 ಮಂದಿಯಲ್ಲಿ ಈ ಪ್ರತಿಕಾಯ ಕಂಡುಬಂತು. ಗುರುತಿಸಲಾದ ರೋಗಿಗಳಲ್ಲಿ ಹೆಚ್ಚಿನವರು ಆಗ್ನೇಯ ಏಷ್ಯಾ ಮೂಲದವರು, ನಿಜ. ಆದರೆ ಅವರನ್ನು ಕಾಡುವ ಟಿಬಿಯೇತರ ಮೈಕೋಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ, ಮೆಲಿಯಾಯ್ಡೋಸಿಸ್ ನಮ್ಮಲ್ಲೂ ಇವೆ. ಕಾಯಿಲೆ ವಿರಳವೆಂಬ ಕಾರಣಕ್ಕೆ ಅದನ್ನು ಹುಡುಕದಿರುವುದು ಸರಿಯಲ್ಲ.

ಸುಳಿವುಗಳು ಸಣ್ಣವು. ಟಿಬಿ ಕ್ರಿಮಿಯ ಪುರಾವೆ ಸಿಗದೆಯೇ ಆರು ತಿಂಗಳ ಟಿಬಿ ಮದ್ದು ಮುಗಿಸಿ, ಗಡ್ಡೆ ಮತ್ತೆ ಬಂದಾಗ ಅದೇ ಮದ್ದನ್ನು ಪುನಃ ಶುರುಮಾಡುವುದು. ಮೈಮೇಲೆ ಏಳುವ ನೋವಿನ ಕೆಂಪು ದದ್ದು. ಕಾರಣ ತಿಳಿಯದೆ ಇಳಿಯುವ ತೂಕ. ಟಿಬಿಗೆಂದು ಮಾಡಿಸಿದ ಇಂಟರ್‌ಫೆರಾನ್-ಗಾಮಾ ರಕ್ತಪರೀಕ್ಷೆ ಪಾಸಿಟಿವೂ ಅಲ್ಲದೆ ನೆಗೆಟಿವೂ ಅಲ್ಲದೆ, ಪದೇ ಪದೇ ‘ನಿರ್ಧರಿಸಲಾಗದು’ ಎಂದು ಬರುವುದು. ಅಳೆಯಬೇಕಾದ ಪ್ರೋಟೀನನ್ನು ಪ್ರತಿಕಾಯವೇ ಮರೆಮಾಡಿದರೂ ಫಲಿತಾಂಶ ಹಾಗೆ ಬರಬಹುದು. ಲ್ಯಾಬಿನ ತಪ್ಪೆಂದು ಆ ಕಾಗದವನ್ನು ಬದಿಗಿಟ್ಟರೆ ಮುಖ್ಯ ಸುಳಿವೇ ಕೈತಪ್ಪುತ್ತದೆ.

ಆಮೇಲೆ ಆಗುವುದೇನು? ಸೋಂಕು ಮೂಳೆಗೆ, ರಕ್ತಕ್ಕೆ ಇಳಿಯುತ್ತದೆ. ಒಂದಕ್ಕೆ ಮದ್ದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಹಂಚು ಸರಿದ ಮಾಡನ್ನು ಬಿಟ್ಟು ನೆಲ ಒರೆಸುತ್ತ ಕೂತಂತೆ. ಪ್ರತಿಕಾಯವನ್ನು ತಗ್ಗಿಸಲು ರಿಟುಕ್ಸಿಮ್ಯಾಬ್‌ನಂತಹ ಔಷಧಗಳನ್ನು ತಜ್ಞರು ಬಳಸಿದ್ದಾರೆ. ಆದರೆ ಕಾರಣ ಗೊತ್ತಾದ ಮೇಲಷ್ಟೇ ಅದು ಸಾಧ್ಯ.

ಕಾಪು, ಕಾರ್ಕಳದ ಕುಟುಂಬ ವೈದ್ಯರಲ್ಲಿ ನಮ್ಮ ವಿನಂತಿ: ಮೊದಲು ಸಕ್ಕರೆ, ಎಚ್‌ಐವಿ ಪರೀಕ್ಷಿಸಿ. ಎರಡೂ ಇಲ್ಲವೆಂದಾದರೆ ತನಿಖೆ ನಿಲ್ಲಿಸಬೇಡಿ. ಗಡ್ಡೆಯ ತುಣುಕನ್ನು ಕಲ್ಚರ್‌ಗೂ ಕಳಿಸಿ. ರೋಗಿಯನ್ನು ಸೋಂಕುರೋಗ ತಜ್ಞರ ಬಳಿಗೆ ಕಳಿಸಿ.

ಮನೆಯವರು ಹಳೆಯ ಚೀಟಿಗಳನ್ನು ಎಸೆಯಬೇಡಿ. ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. “ಇವೆಲ್ಲ ಒಬ್ಬರಿಗೇ ಯಾಕೆ ಬರುತ್ತಿವೆ?” ಎಂದು ಕೇಳಿ.

ಉತ್ತರ ಸಿಗುವವರೆಗೆ ಕೇಳಿ.